ಸರ್ಕಸ್ಸಿನ ಪಕ್ಕದ ಮನೆ

ಸಿನಿಮಾ ನೋಡುತ್ತೇನೆಂದರೆ ಮನೆಯವರು ಬೈಯುತ್ತಾರೆ; ಸಿನಿಮಾ ಓದುತ್ತೇನೆಂದರೆ ಊರೇ ನಗುತ್ತದೆ. ಎಂ.ಎ. ತರಗತಿಯಲ್ಲಿ ಛಂದಸ್ಸು, ಶಾಸನ, ವಚನಗಳನ್ನೆಲ್ಲ ಮುಂದಿನ ಬೆಂಚಿನವರು ಹಂಚಿಕೊಂಡ ಮೇಲೆ ನನ್ನ ಪಾಲಿಗೆ ಉಳಿದ ಸಂಪ್ರಬಂಧದ ವಿಷಯ ‘ಕನ್ನಡ ಚಲನಚಿತ್ರದ ಆರಂಭಕಾಲ’. ಗೆಳೆಯರಿಗೆ ಹೊಟ್ಟೆಕಿಚ್ಚು. “ನಿಂದೇನಪಾ, ಟಾಕೀಸಿನ್ಯಾಗ ಕುಂತು ಬರದ್ರ ಮುಗೀತು” ಎಂದರು. ಗೈಡ್ ಸರ್ ಆ ಆಸೆಗೂ ಕಲ್ಲು ಹಾಕಿದರು: “ಟಾಕೀಸ್ ಕಡೆ ಹೊಳ್ಳಿ ನೋಡಬ್ಯಾಡ. ಲೈಬ್ರರಿ ಹಿಡಿ. ಒಂದೊಂದು ಮಾತಿಗೂ ಅಡಿಟಿಪ್ಪಣಿ ಬೇಕು.”

ನಮ್ಮ ಕಡೆ ಲೈಬ್ರರಿಯಲ್ಲಿ ಪುಸ್ತಕ ಸಿಗುವುದು ಆಮೇಲಿನ ಮಾತು; ಮೊದಲು ಕುರ್ಚಿ ಸಿಗಬೇಕು. ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರು ಬಾಗಿಲು ತೆರೆಯುತ್ತಲೇ ಬಂದು ನೀರಿನ ಬಾಟಲಿ, ಬುತ್ತಿ ಡಬ್ಬಿ ಇಟ್ಟು ಜಾಗ ಹಿಡಿದಿರುತ್ತಾರೆ. ಅಂಥವರ ನಡುವೆ ಹೇಗೋ ತೂರಿಕೊಂಡು ಕುಂತೆ. ನನ್ನ ವಿಷಯ ಕೇಳಿದ ಪಕ್ಕದವನು ಪುಸ್ತಕದಿಂದ ತಲೆ ಎತ್ತದೆಯೇ ಒಪ್ಪಿಸಿಬಿಟ್ಟ: “ಮೊದಲ ಮೂಕಿ ರಾಜಾ ಹರಿಶ್ಚಂದ್ರ, 1913. ಮೊದಲ ಟಾಕಿ ಆಲಂ ಆರಾ, 1931. ಕನ್ನಡದ ಮೊದಲ ಟಾಕಿ ಸತಿ ಸುಲೋಚನ, 1934. ಕನ್ನಡದ ಮೊದಲ ಬಣ್ಣದ ಚಿತ್ರ ಅಮರಶಿಲ್ಪಿ ಜಕಣಾಚಾರಿ, 1964. ಮತ್ತೇನ್ ಬೇಕ್ರೀ?” ಮತ್ತೇನೂ ಬೇಕಿರಲಿಲ್ಲ. ಆ ಸಾಲುಗಳು ಅವನಿಗೆ ತಲಾ ಒಂದು ಅಂಕ ಕೊಡುತ್ತವೆ. ಅವನ್ನೇ ಎಳೆದೆಳೆದು ನಲವತ್ತು ಪುಟ ಮಾಡಿದರೆ ನನಗೆ ಎಂ.ಎ. ಕೊಡುತ್ತಾರೆ.

ಎದುರಿಗೆ ಪೇಪರು ಓದುತ್ತಿದ್ದ ಅಜ್ಜನೊಬ್ಬ ಕನ್ನಡಕ ಇಳಿಸಿ ನನ್ನನ್ನೇ ನೋಡಿದ. “ಅಲ್ಲೋ ತಮ್ಮಾ, ಸಿನಿಮಾ ನೋಡೂದು ಬಿಟ್ಟು ಓದೂದಂದ್ರ, ಹೋಳಿಗಿ ತಿನ್ನೂದು ಬಿಟ್ಟು ಅದರ ರೇಟಿನ ಬೋರ್ಡ್ ಓದಿಧಂಗಾತು!” ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಅಡಿಟಿಪ್ಪಣಿಯಂತೂ ಇರಲೇ ಇಲ್ಲ.

ಸಿಕ್ಕ ಪುಸ್ತಕಗಳಲ್ಲಿ ‘ಸತಿ ಸುಲೋಚನ’ದ ವಿವರ ಚೊಕ್ಕಟವಾಗಿಯೇ ಇತ್ತು. ವೈ.ವಿ. ರಾವ್ ನಿರ್ದೇಶನ. ಚಿತ್ರೀಕರಣ ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಎಲ್ಲ ಇದೆ, ಚಿತ್ರವೇ ಇಲ್ಲ! ಅದರ ಒಂದು ಪ್ರತಿಯೂ ಉಳಿದಿಲ್ಲ. ಆಗಿನ ಫಿಲಂ ಸುರುಳಿ ನೈಟ್ರೇಟಿನದು. ಬೆಂಕಿಯನ್ನು ಕಂಡರೆ ಸಾಕು, ತಾನೇ ಎದ್ದು ಹೋಗುವ ಜಾತಿಯದು. ಹೀಗಾಗಿ ನೋಡದವರು ಬರೆದದ್ದನ್ನು ನೋಡದವರು ಓದಿ ಮತ್ತೆ ಬರೆದದ್ದನ್ನು, ನೋಡದ ನಾನು ನೋಡಿ ಬರೆಯಬೇಕಾಯಿತು. ವಿಶ್ವವಿದ್ಯಾಲಯಗಳು ಇದನ್ನೇ ಸಂಶೋಧನೆ ಅನ್ನುತ್ತವೆ.

“ನಮ್ಮ ಜಿಲ್ಲೆದ್ದೂ ಏನರ ಹುಡುಕು” ಎಂದರು ಸರ್. ಅದು ಇನ್ನೂ ಕಷ್ಟ. ಚಿತ್ರರಂಗದ ಚರಿತ್ರೆಯಲ್ಲಿ ಬೆಂಗಳೂರು, ಮೈಸೂರು, ಮದ್ರಾಸು, ಕೊಲ್ಹಾಪುರ ಬರುತ್ತವೆ, ಕೊಪ್ಪಳ ಬರುವುದಿಲ್ಲ. ಸುಲೋಚನ ತೆರೆಯ ಮೇಲೆ ಮಾತಾಡಿದಾಗ ನಾವಿನ್ನೂ ನಿಜಾಮರ ಸೀಮೆಯಲ್ಲಿದ್ದೆವು. ಆದರೂ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ಬಸ್ಸು ಹತ್ತಿಳಿದೆ. ಒಂದು ಕಡೆ ಹಳೆಯ ವಾರಪತ್ರಿಕೆಗಳ ಕಟ್ಟೇ ಸಿಕ್ಕಿತು. ಬಿಚ್ಚಿ ನೋಡಿದರೆ ಸಿನಿಮಾ ಪುಟಗಳನ್ನೆಲ್ಲ ಯಾವನೋ ಅಭಿಮಾನಿ ಬ್ಲೇಡಿನಿಂದ ಕೊಯ್ದುಕೊಂಡು ಹೋಗಿದ್ದ. ಅದೇ ಹಾಳೆಯ ಹಿಂಬದಿಗಿದ್ದ ಎಲ್ಲರ ವಾರಭವಿಷ್ಯವೂ ಅವನೊಡನೆ ಹೋಗಿತ್ತು. ಇನ್ನೊಂದು ಕಡೆ “ಸಿನಿಮಾ ಬುಕ್ ಒಯ್ದವ್ರು ಹೊಳ್ಳಿ ತರೂದಿಲ್ಲರೀ” ಎಂದು ಬೀರುವಿಗೆ ಕೀಲಿ ಹಾಕಿದ್ದರು. ಕೀಲಿ ಇದ್ದವರು ಕೊಪ್ಪಳಕ್ಕೆ ಜಾತ್ರೆಗೆ ಹೋಗಿದ್ದರು.

ಕೊನೆಗೆ ಕೈ ಹಿಡಿದದ್ದು ನಮ್ಮ ಕಾಲೇಜಿನ ಕಪಾಟೇ. ಅಲ್ಲಿ ಪುಸ್ತಕ ಜೋಡಿಸುವುದು ಡ್ಯೂಯಿಯ ದಶಮಾಂಶ ಪದ್ಧತಿಯಲ್ಲಿ. ಆ ಪುಣ್ಯಾತ್ಮ ಜಗತ್ತಿನ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿ ಮುಗಿಸಿದ್ದು 1876ರಲ್ಲಿ; ಸಿನಿಮಾ ಹುಟ್ಟಿದ್ದು 1895ರಲ್ಲಿ. ಅಷ್ಟರೊಳಗೆ ಜಾಗವೆಲ್ಲ ಭರ್ತಿ. ಹಾಗಾಗಿ ಸಿನಿಮಾವನ್ನು 791ರ ಓಣಿಯೊಳಗೆ ದಶಮಾಂಶದ ಚುಕ್ಕೆ ಹಾಕಿ ತುರುಕಿದರು. 791.3 ಸರ್ಕಸ್ಸು, 791.43 ಸಿನಿಮಾ. ಎರಡು ಓಣಿ ದಾಟಿದರೆ 793.8ರಲ್ಲಿ ಜಾದೂ. ಕಪಾಟಿನ ಮುಂದೆ ನಿಂತು ಯೋಚಿಸಿದೆ: ಹೀರೊ ಹಾರುವುದನ್ನೂ, ಹೊಡೆತ ತಿಂದ ಖಳರು ಹಾರುವುದನ್ನೂ ನೋಡಿದವರಾರೂ ಈ ನೆರೆಹೊರೆಗೆ ತಕರಾರು ಮಾಡಲಾರರು.

ಆದರೆ 791.43ರ ಜಾಗದಲ್ಲಿ ಧೂಳು ಬಿಟ್ಟರೆ ಬೇರೇನಿರಲಿಲ್ಲ. ಕೈ ಸ್ವಲ್ಪ ಬಲಕ್ಕೆ ಸರಿಯಿತು. 791.53: ಗೊಂಬೆಯಾಟ. ತೊಗಲುಗೊಂಬೆಗಳ ಮೇಲಿನ ಪುಸ್ತಕ; ಒಳಗೆ ಅಂಟಿಸಿದ ದಿನಾಂಕದ ಚೀಟಿಯಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರು 1931ರಲ್ಲಿ, ಅಂದರೆ ಆಲಂ ಆರಾ ಬಾಯಿಬಿಟ್ಟ ವರ್ಷವೇ, ಐದು ಸೂತ್ರ ಹೇಳಿದರು. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗನಿದ್ದಾನೆ ಎಂಬುದು ಅದರಲ್ಲೊಂದು. ಆ ಪುಸ್ತಕ ನನಗಾಗಿಯೇ ಕಾದು ಕುಂತಂತಿತ್ತು.

ಓದುತ್ತ ಓದುತ್ತ ನಗು ಬಂತು. ಕತ್ತಲೆ, ಬಿಳಿ ಪರದೆ, ಹಿಂದೊಂದು ದೀಪ, ಬಣ್ಣ ಬಳಿದ ತೊಗಲಿನೊಳಗಿಂದ ಹಾಯುವ ಬೆಳಕು, ಹಾಡು, ಮಾತು, ಯುದ್ಧ. ಜಿಲ್ಲೆಯಲ್ಲಿ ಸಿನಿಮಾದ ಚರಿತ್ರೆ ಇಲ್ಲವೆಂದು ಬಸ್ಸಿನಲ್ಲಿ ಸುತ್ತಿದ್ದವನಿಗೆ ಅದು ಕೊಪ್ಪಳ ತಾಲ್ಲೂಕಿನ ಮೋರನಾಳದಲ್ಲೇ ಸಿಕ್ಕಿತು. ಅಲ್ಲಿಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ರಾಮಾಯಣ ಮಹಾಭಾರತದ ಗೊಂಬೆಗಳನ್ನು ಪರದೇಶಗಳಿಗೂ ಒಯ್ದು ಆಡಿಸಿ ಬಂದವರು. ಇದೆಲ್ಲ ಆಗಿ ಎಷ್ಟೋ ಕಾಲದ ಮೇಲೆ, 2025ರಲ್ಲಿ, ಅವರಿಗೆ ಪದ್ಮಶ್ರೀ ಬಂತು; ಆಗ ಅವರ ವಯಸ್ಸು 96. ಕೊಲ್ಹಾಪುರದಲ್ಲಿ ಚಿತ್ರಿಸಿದ ರಾವಣ ಮಾಯವಾದ. ಆಡಿನ ತೊಗಲಿನ ರಾವಣ ಪರದೆಯ ಹಿಂದೆ ಇಂದಿಗೂ ಗರ್ಜಿಸುತ್ತಿದ್ದಾನೆ. ನಮ್ಮೂರಲ್ಲಿ ಮಳೆ ಕೈಕೊಟ್ಟ ವರ್ಷ ಈ ಆಟ ಆಡಿಸುತ್ತಿದ್ದರು, ಆಡಿಸಿದರೆ ಮಳೆ ಬರುತ್ತದೆಂದು. ಮಳೆ ತರುವ ಜವಾಬ್ದಾರಿಯನ್ನು ಯಾವ ನಿರ್ಮಾಪಕನೂ ಈವರೆಗೆ ಹೊತ್ತ ಹಾಗಿಲ್ಲ.

ಸಂಪ್ರಬಂಧದ ಅರ್ಧ ಭಾಗ ಗೊಂಬೆಗಳಿಂದ ತುಂಬಿದ್ದು ಕಂಡು ಸರ್ ಹುಬ್ಬು ಗಂಟಿಕ್ಕಿದರು. “ಸಿನಿಮಾದಾಗ ಗೊಂಬಿ ಯಾಕ ಬಂದ್ವು?”

“ಸರ್, ಅದೂ 791, ಇದೂ 791.”

ಅಂಕಿ ಹೇಳಿದರೆ ಯಾವ ಸಂಶೋಧಕನೂ ಸುಮ್ಮನಾಗುತ್ತಾನೆ. ಸರ್ ಹಾಳೆ ತಿರುವುತ್ತ ಕಿಳ್ಳೇಕ್ಯಾತ, ಬಂಗಾರಕ್ಕನ ಪುಟಕ್ಕೆ ಬಂದರು. ಗೊಂಬೆಯಾಟದ ಹಾಸ್ಯದ ಜೋಡಿ ಅದು. ಸೆನ್ಸಾರ್ ಮಂಡಳಿ ಹುಟ್ಟುವ ಮೊದಲೇ ಹುಟ್ಟಿ ಬದುಕಿಕೊಂಡದ್ದು. “‘ಆತನ ಮಾತು ಭಾಳ ಖಾರ’ ಅಂತ ಬರದಿ. ಎಂಥಾ ಮಾತು? ಅಡಿಟಿಪ್ಪಣಿ ಎಲ್ಲಿ?” ಎಂದರು.

ಊರಲ್ಲಿ ಕೇಳಿದ್ದರಲ್ಲಿ ಎರಡನ್ನು ಮೆಲ್ಲಗೆ ಹೇಳಿದೆ. ಸರ್ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು, ಮೇಜು ಹಿಡಿದುಕೊಂಡು ನಕ್ಕರು. ಆಮೇಲೆ ಕೆಂಪು ಪೆನ್ನು ತೆಗೆದು, ಆ ಒಂದು ಸಾಲಿಗೆ ಮಾತ್ರ ಆಕರ ಬೇಡವೆಂದು ಷರಾ ಬರೆದು ರುಜು ಹಾಕಿದರು.