ಎಡಗಡೆಯ ಸಮಾಚಾರ

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನ ಮುಂದೆ ಫೋಟೊ ತೆಗೆಸಿಕೊಂಡು, ಎಳನೀರು ಕುಡಿದು ಬಸ್ಸು ಹತ್ತಿಬಿಡುತ್ತಾರೆ. ಪಕ್ಕದ ಬಸ್ತಿಹಳ್ಳಿಯತ್ತ ಕಾಲು ಹಾಕುವವರು ಕಡಿಮೆ. ಹಾಗಾಗಿ ಅಲ್ಲಿನ ಪಾರ್ಶ್ವನಾಥ ಬಸದಿಯಲ್ಲಿ ನಿಧಾನವಾಗಿ ನಿಲ್ಲಬಹುದು, ನುಣುಪು ಕಂಬದಲ್ಲಿ ಮುಖ ನೋಡಿಕೊಂಡು ತಲೆಯನ್ನೂ ಬಾಚಬಹುದು. ಒಳಗೆ ಎರಡಾಳಿಗೂ ಮಿಕ್ಕ ಎತ್ತರದ ಪಾರ್ಶ್ವನಾಥ, ಹಾವಿನ ಹೆಡೆಯಡಿ, ಮೈಮೇಲೆ ನೂಲೆಳೆಯಿಲ್ಲದೆ ನಿಂತಿದ್ದಾನೆ. ಸಂಕೋಚವೆಲ್ಲ ಪ್ಯಾಂಟು ತೊಟ್ಟು ನೋಡಲು ಬಂದ ನಮ್ಮದು.

ಹೊಯ್ಸಳರ ದಂಡನಾಯಕ ಗಂಗರಾಜನ ಮಗ ಬೊಪ್ಪ ಈ ಬಸದಿಯನ್ನು ಕಟ್ಟಿಸಿದ್ದು 1133ರಲ್ಲಿ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ದೊರೆ ವಿಷ್ಣುವರ್ಧನನ ಕೈ ಸೇರುವ ಹೊತ್ತಿಗೆ ಅವನು ಯುದ್ಧ ಗೆದ್ದಿದ್ದ, ಗಂಡುಮಗುವೂ ಹುಟ್ಟಿತ್ತು. ದೇವರಿಗೆ ವಿಜಯಪಾರ್ಶ್ವ, ಮಗನಿಗೆ ವಿಜಯನರಸಿಂಹ ಎಂದು ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಎಲ್ಲರಿಗೂ ಹೀಗೆ ಒಟ್ಟೊಟ್ಟಿಗೆ ಒದಗುವುದಿಲ್ಲ. ಮಕ್ಕಳಾಗಲಿಲ್ಲವೆಂದರೆ ನಮ್ಮವರು ಮೊದಲು ಹೆಂಡತಿಯನ್ನು ಡಾಕ್ಟರ ಹತ್ತಿರ, ಆಮೇಲೆ ಅವಳನ್ನೇ ದೇವರ ಹತ್ತಿರ ಕರೆದೊಯ್ಯುತ್ತಾರೆ. ಗಂಡನ ಸರದಿ ಕೊನೆಗೆ. ಆಗ ಎಷ್ಟೋ ಸಲ ಸಿಗುವುದು ವೆರಿಕೋಸೀಲ್: ವೃಷಣದ ಮೇಲಿನ ರಕ್ತನಾಳಗಳು ಊದಿಕೊಂಡಿರುವುದು.

ಇದು ಅಪರೂಪದ ರೋಗವಲ್ಲ. 100 ಗಂಡಸರಲ್ಲಿ ಸುಮಾರು 15 ಜನರಿಗೆ ಇರುತ್ತದೆ, ಹೆಚ್ಚಾಗಿ ಎಡಗಡೆಗೇ. ಬಲಗಡೆಯ ನಾಳ ದೊಡ್ಡ ಅಭಿಧಮನಿಗೆ ಓರೆಯಾಗಿ ಸೇರಿದರೆ, ಎಡಗಡೆಯದು ಮೂತ್ರಪಿಂಡದ ನಾಳಕ್ಕೆ ನೆಟ್ಟಗೆ ಅಡ್ಡಲಾಗಿ ಹೋಗಿ ಬಡಿಯುತ್ತದೆ. ಒಳಗಿನ ಕವಾಟ ಸೋತರೆ, ತೂಬು ಕೆಟ್ಟ ಕಾಲುವೆಯಲ್ಲಿ ನೀರು ಹಿಂದಕ್ಕೆ ನುಗ್ಗಿದಂತೆ ರಕ್ತ ಕೆಳಗೆ ನಿಲ್ಲುತ್ತದೆ. ವೃಷಣಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ನಿಂತ ರಕ್ತ ಬಿಸಿಯೇರಿಸುತ್ತದೆ, ವೀರ್ಯದ ಗುಣ ಕುಗ್ಗಬಹುದು.

ಎಡಗಡೆ ತುಸು ಕೆಳಗಿರುವುದೇ ರೋಗವೆಂದು ಗಾಬರಿಯಾಗಬೇಡಿ, ಅದು ಸಹಜ. ಕ್ರಿಸ್ ಮೆಕ್‌ಮ್ಯಾನಸ್ ಎಂಬ ಇಂಗ್ಲೆಂಡಿನ ಪುಣ್ಯಾತ್ಮ ಇಟಲಿಯ ಮ್ಯೂಸಿಯಮ್ಮುಗಳಲ್ಲಿ ಪ್ರಾಚೀನ ಶಿಲ್ಪಗಳ ಎಡಬಲಗಳನ್ನು ಗಮನಿಸಿ, 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲೇ ಬರೆದ. 2002ರಲ್ಲಿ ಅವನಿಗೆ, ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂತು. ಬಸ್ತಿಹಳ್ಳಿಯಲ್ಲಿ ಯಾರಾದರೂ ಆ ಕೆಲಸಕ್ಕೆ ಇಳಿದರೆ ಕಾವಲುಗಾರ ಬಹುಮಾನದ ತನಕ ಕಾಯುವುದಿಲ್ಲ.

ವೆರಿಕೋಸೀಲ್ ಕಂಡುಹಿಡಿಯುವ ಇನ್ನೊಂದು ಜಾಗ ಸೇನಾ ಭರ್ತಿ. ಬೆಳಗಿನ ಜಾವ ರಸ್ತೆಯಲ್ಲಿ ಓಡಿ ಓಡಿ ಕಾಲು ಗಟ್ಟಿ ಮಾಡಿಕೊಂಡ ಹುಡುಗ ಮೈದಾನದಲ್ಲಿ ಗೆದ್ದು, ತಪಾಸಣೆಯ ಕೋಣೆಯಲ್ಲಿ ಡಾಕ್ಟರು ‘ಕೆಮ್ಮು’ ಎಂದಾಗ ಸೋಲುತ್ತಾನೆ. ಮನೆಗೆ ಬಂದು ಕಿವಿ ಸರಿಯಿಲ್ಲವಂತೆ ಎನ್ನುತ್ತಾನೆ. ಪಾಪ, ಕಿವಿಗೆ ಆ ಅಪವಾದ ಯಾಕೆ?

ಬಹಳ ಜನಕ್ಕೆ ಚಿಕಿತ್ಸೆಯೇ ಬೇಡ. ನೋವಿದ್ದರೆ, ಅಥವಾ ಮಕ್ಕಳು ಬೇಕಾಗಿದ್ದು ವೀರ್ಯ ಪರೀಕ್ಷೆ ಸರಿಯಿಲ್ಲದಿದ್ದರೆ, ತೊಡೆಸಂದಿನ ಬಳಿ ಸಣ್ಣದಾಗಿ ಕೊಯ್ದು ಕೆಟ್ಟ ನಾಳ ಕಟ್ಟುತ್ತಾರೆ. ರಕ್ತ ಬೇರೆ ನಾಳ ಹಿಡಿದು ಮೇಲೇರುತ್ತದೆ. ವೀರ್ಯ ಸುಧಾರಿಸಲು ಮೂರು ತಿಂಗಳಾದರೂ ಬೇಕು, ಎಲ್ಲರಿಗೂ ಸುಧಾರಿಸುತ್ತದೆಂಬ ಖಾತರಿ ಇಲ್ಲ. ಆದರೆ ಊತ ಬಲಗಡೆ ಮಾತ್ರ ಕಂಡರೆ, ಮಲಗಿದರೂ ಇಳಿಯದಿದ್ದರೆ, ನಡುವಯಸ್ಸು ದಾಟಿದ ಮೇಲೆ ದಿಢೀರನೆ ಬಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಮೂತ್ರಪಿಂಡದ ಗಡ್ಡೆ ರಕ್ತ ಮೇಲೇರುವ ನಾಳಕ್ಕೆ ಅಡ್ಡ ನಿಂತಿರಲೂಬಹುದು.