ಅಂಗಿಯ ಮೇಲಿನ ಕಲೆ: ಒಂದು ವ್ಯಾಕರಣ

ಪೀಠಿಕೆ

ಕುಕನೂರು ಸೀಮೆಯ ಕಲೆಯ ಬಗ್ಗೆ ಬರೆದವರೆಲ್ಲ ಕಲ್ಲನ್ನೇ ನೋಡಿದ್ದಾರೆ. ಊರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು. ಹತ್ತಿರದ ಇಟಗಿಯ ಮಹಾದೇವ ಗುಡಿಯನ್ನು 1112ರ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಆದರೆ ಮದುವೆಯ ಪಂಕ್ತಿಯಿಂದ ಎದ್ದವರ ಬಿಳಿ ಅಂಗಿಯ ಮೇಲಿನ ಕಲೆಯನ್ನು ಯಾವ ವಿದ್ವಾಂಸರೂ ಓದಿಲ್ಲ.

ಸಿದ್ಧಾಂತ

ಊಟವೂ ಉಡುಗೆಯೂ ಕೂಡಿದಲ್ಲಿ ಸಂಧಿಯಾಗುತ್ತದೆ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಕ್ಷರಗಳ ಸಂಧಿ ಹೇಳಿ, ಸಾರಿನ ಸಂಧಿಯನ್ನು ನಮಗೆ ಬಿಟ್ಟ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಮೂರೇ ಸಂಧಿ ಇಲ್ಲಿಗೂ ಸಾಕು.

ಆಗಮ ಸಂಧಿ: ಇಲ್ಲದ್ದು ಬಂದು ಸೇರುವುದು. ಬಡಿಸುವವನು ಓಡುತ್ತಲೇ ಸಾರು ಸುರಿಯುತ್ತಾನೆ. ಅನ್ನದ ಒಡ್ಡು ಒಡೆಯುತ್ತದೆ. ತುಂಗಭದ್ರಾ ಜಲಾಶಯಕ್ಕೆ 33 ಗೇಟು; 2024ರ ಆಗಸ್ಟಿನಲ್ಲಿ ಕೊಚ್ಚಿಹೋದದ್ದು 19ನೆಯದು. ಅನ್ನದ ಒಡ್ಡಿಗೆ ಇರುವುದೇ ಒಂದು ಗೇಟು, ಅದೂ ಉಣ್ಣುವವನ ತೊಡೆಯ ಕಡೆ. ನಮ್ಮ ಆವಿಷ್ಕಾರ ‘ತೂಬು-ಪತ್ರಾವಳಿ’: ಮೂರು ಬದಿ ಏರಿ, ನಾಲ್ಕನೆಯ ಬದಿಯಲ್ಲಿ ಪಕ್ಕದವನತ್ತ ತೂಬು. ದೋಷ: ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಲಿಲ್ಲವೆಂಬ ಕೂಗು ಹಳೆಯದು, ಪಂಕ್ತಿಯ ಕೊನೆಯವನಿಗೆ ಮಾತ್ರ ಸಾರು ತಪ್ಪದೆ ಮುಟ್ಟಿತು.

ಲೋಪ ಸಂಧಿ: ಇದ್ದದ್ದು ಬಿಟ್ಟುಹೋಗುವುದು. ನಾಲ್ಕನೆಯ ಹೋಳಿಗೆಗೆ ಹೊಟ್ಟೆಯ ಮೇಲಿನ ಗುಂಡಿ ಹಾರುತ್ತದೆ. ಪರಿಹಾರ ‘ಪುನರಾಗಮನ ಗುಂಡಿ’: ಗುಂಡಿಗೂ ಉಡದಾರಕ್ಕೂ ಒಂದು ಎಳೆ ದಾರ. ಹಾರಿದ ಗುಂಡಿ ಎದುರು ಪಂಕ್ತಿಯವರ ಬದನೆಕಾಯಿ ಎಣ್ಣೆಗಾಯಿ ಮುಟ್ಟಿ ಮಾಲೀಕನಲ್ಲಿಗೇ ಮರಳುತ್ತದೆ, ಮಸಾಲೆ ಸಮೇತ. ಇಲ್ಲಿ ಲೋಪದ ಬೆನ್ನಿಗೇ ಆಗಮವಾಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಆದೇಶ ಸಂಧಿ: ಒಂದು ಹೋಗಿ ಇನ್ನೊಂದು ಬರುವುದು. ಅರಿಶಿನದ ಹಳದಿ ಕಲೆಗೆ ಸಾಬೂನು ತಿಕ್ಕಿದರೆ ಅದು ಕೆಂಪಾಗುತ್ತದೆ. ಸಾಬೂನಿನ ಕ್ಷಾರಕ್ಕೆ ಅರಿಶಿನದ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಆದರೆ ಬಿಸಿಲಿಗೆ ಈ ಬಣ್ಣ ನಿಲ್ಲದು, ಮಸುಕಾಗುತ್ತದೆ. ಆದ್ದರಿಂದ ‘ಸೂರ್ಯ-ಇಸ್ತ್ರಿ’: ಅಂಗಿ ಬಿಚ್ಚದೆ, ಅಂಗಿಯೊಡೆಯನನ್ನೇ ಅಂಗಳದಲ್ಲಿ ನಿಲ್ಲಿಸುವುದು. ಏಪ್ರಿಲ್‌ನಲ್ಲಿ ಕಲೆಗಿಂತ ಮೊದಲು ಅಂಗಿಯೊಡೆಯ ಮಸುಕಾದದ್ದು ಕಂಡುಬಂದಿದೆ.

ಆಕ್ಷೇಪ

“ಪೇಟೆಂಟ್ ಸಿಗುತ್ತದೆಯೇ?” ಇಲ್ಲ. 1970ರ ಪೇಟೆಂಟ್ ಕಾಯ್ದೆಯ 3ನೆಯ ಕಲಮು ಕ್ಷುಲ್ಲಕ ಆವಿಷ್ಕಾರಗಳನ್ನು ಮೊದಲ ಸಾಲಿನಲ್ಲೇ ಹೊರಗಿಟ್ಟಿದೆ. ಜಪಾನಿನ ಕೆಂಜಿ ಕವಾಕಾಮಿ ಇಂಥವಕ್ಕೆ ‘ಚಿಂದೋಗು’ ಎಂದು ಹೆಸರಿಟ್ಟು, ಪೇಟೆಂಟ್ ಮಾಡಿಸಕೂಡದೆಂದು ತಾವೇ ನಿಯಮ ಮಾಡಿಕೊಂಡರು. ನೂಡಲ್ಸ್ ಆರಿಸಲು ಕಡ್ಡಿಗೆ ಫ್ಯಾನ್ ಕಟ್ಟಿದ ಆ ಪರಂಪರೆಗೆ ನಾವು ಶರಣು.

ಉಪಸಂಹಾರ

ಒಂದು ಉಳಿಯಿತು: ಪ್ರಕೃತಿಭಾವ. ಸಂಧಿಯಾಗಬೇಕಾದಲ್ಲಿ ಆಗದೆ, ಇದ್ದದ್ದು ಇದ್ದಂತೆಯೇ ಇರುವುದು. ಕುಕನೂರಿನದೇ ಒಂದು ಮದುವೆಯಲ್ಲಿ ನಮ್ಮ ಪಕ್ಕದ ಹಿರಿಯರು ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಸಾರು ಎಲ್ಲ ಮುಗಿಸಿದರೂ ಅವರ ಬಿಳಿ ಧೋತರದ ಮೇಲೆ ಒಂದು ಹನಿಯಿಲ್ಲ. ಯಾವ ಯಂತ್ರವೆಂದು ಕೇಳಿದೆವು.

“ಯಂತ್ರ ಏನ್ ಬಂತೋ ತಮ್ಮಾ? ಎಲಿಗೆ ಬಗ್ಗಿ ಉಣ್ಣಬೇಕು. ನೀ ನೆಟ್ಟಗ ಕುಂತು ಎಲೀನ ಬಾಯಿಗೆ ಕರದ್ರ ಹಿಂಗ ಆಗ್ತೈತಿ ನೋಡು.”

ಇದನ್ನು ಬರೆದುಕೊಳ್ಳುವ ಭರದಲ್ಲಿ ಮೊಣಕೈ ಬಟ್ಟಲಿಗೆ ತಗುಲಿತು. ಪ್ರಬಂಧದ ಸಾರಾಂಶ ಲೇಖಕನ ಅಂಗಿಯ ಮೇಲಿದೆ. ಆಸಕ್ತರು ಬಂದು ನೋಡಬಹುದು.