ಕಾಚಿಗುಡದ ಆಯಿ

ಹೈದರಾಬಾದಿನ ಕಾಚಿಗುಡ, ಬರ್ಕತ್‌ಪುರದ ಕಡೆ ಕನ್ನಡದ ಮನೆ ಹುಡುಕಲು ವಿಳಾಸ ಬೇಕಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಸಾಕು. ಸಪ್ಪಳದ ಹಿಂದೆ ಸೊಸೆ ಇರುತ್ತಾಳೆ. ಸೊಸೆಯ ಹಿಂದೆ, ಕುರ್ಚಿಯ ಮೇಲೆ, ಆಯಿ ಇರುತ್ತಾಳೆ. ವಯಸ್ಸು ಕೇಳಿದರೆ "ರಜಾಕಾರರ ಗದ್ಲದಾಗ ನಾ ಪರಕಾರ ಉಡೋ ಹುಡಗಿ" ಎನ್ನುತ್ತಾಳೆ. ಲೆಕ್ಕ ನೀವು ಹಾಕಿಕೊಳ್ಳಬೇಕು.

ಆಯಿಯನ್ನು ಮಾತ್ರ ವಲಸೆ ಬಂದವಳು ಎನ್ನಬೇಡಿ. ಕಲಬುರಗಿಯಿಂದ ಮದುವೆಯಾಗಿ ಬಂದಾಗ ಅದೂ ಹೈದರಾಬಾದ್ ರಾಜ್ಯ, ಇದೂ ಹೈದರಾಬಾದ್ ರಾಜ್ಯ. ಅರಿಶಿನ ಇನ್ನೂ ಮಾಸಿರಲಿಲ್ಲ, 1956ರ ನವೆಂಬರ್ 1 ಬಂತು. ಕಲಬುರಗಿ, ಬೀದರ್, ರಾಯಚೂರು ಮೈಸೂರಿನ ಪಾಲಾದವು. ಹೈದರಾಬಾದು ಆಂಧ್ರಪ್ರದೇಶಕ್ಕೆ ಸೇರಿತು. 2014ರಲ್ಲಿ ಹೈದರಾಬಾದು ತೆಲಂಗಾಣದ ಪಾಲಾಯಿತು. ಒಲೆ ಮುಂದಿನಿಂದ ಏಳದೆ ಆಯಿ ಮೂರು ರಾಜ್ಯ ಸುತ್ತಿದಳು. "ಹೆಣ್ಮಕ್ಳು ತವರಮನಿ ಬಿಟ್ಟು ಬರ್ತಾರ. ನನ್ನ ತವರಮನಿನೇ ನನ್ನ ಬಿಟ್ಟು ಹೋತು ನೋಡು!"

ರಾಜ್ಯಗಳು ಬದಲಾದರೂ ಮನೆಯಲ್ಲಿ ಸರಕಾರ ಬದಲಾಗಿಲ್ಲ. ಅದರ ಭಾಷಾನೀತಿಯೂ ಸ್ಪಷ್ಟ: ತರಕಾರಿಯವನಿಗೆ ತೆಲುಗು, ಆಟೋದವನಿಗೆ ದಖನಿ, ಸೊಸೆಗೆ ಕನ್ನಡ. ಆಟೋದವನು ಇನ್ನೂರು ಎಂದರೆ "ಕ್ಯಾ ಮಿಯಾ, ಚಾರ್ಮಿನಾರ್ ಬೇಚ್‌ರೇ ಕ್ಯಾ?" ಎನ್ನುತ್ತಾಳೆ. ಅವನು ನಕ್ಕು ನೂರಕ್ಕೆ ಇಳಿಯುತ್ತಾನೆ. ಎದುರುಮನೆಯ ಬೇಗಂ ಸಾಹೇಬರಿಗೆ ಯುಗಾದಿಗೆ ಹೋಳಿಗೆ ಹೋಗುತ್ತದೆ, ರಂಜಾನಿಗೆ ಅಲ್ಲಿಂದ ಶೀರ್ ಖುರ್ಮಾ ಬರುತ್ತದೆ. ಡಬ್ಬಿ ಯಾರದು ಎಂಬ ವ್ಯಾಜ್ಯ ಮಾತ್ರ ವರ್ಷವಿಡೀ ನಡೆಯುತ್ತದೆ.

ಬೇಗಂ ಬಜಾರಿನಲ್ಲಿ ಸಿಗದ ಕಾಳಿಲ್ಲ. ಆದರೂ ತೊಗರಿಬೇಳೆ ಕಲಬುರಗಿಯಿಂದಲೇ ಬರಬೇಕು. ಸರಕಾರ ಆ ತೊಗರಿಗೆ ಜಿಐ ಮುದ್ರೆ ಒತ್ತಿದ್ದು 2019ರಲ್ಲಿ. ಆಯಿ ಒತ್ತಿ ಅರವತ್ತು ವರ್ಷದ ಮೇಲಾಗಿತ್ತು. ಎಳ್ಳಮಾವಾಸ್ಯೆ ಬಂತೆಂದರೆ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ತಯಾರು. ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಹೊಲವೆಲ್ಲಿ? ಅಪಾರ್ಟ್‌ಮೆಂಟಿನ ಮಾಳಿಗೆಯ ಮೇಲೆ: ಎರಡು ಕರಿಬೇವು, ಒಂದು ತುಳಸಿ, ಯಾರೋ ಮರೆತ ಮನಿಪ್ಲಾಂಟು. ಚರಗ ಬಿದ್ದ ನೀರಿನ ಟ್ಯಾಂಕಿನ ಬಗ್ಗೆ ಕಾರ್ಯದರ್ಶಿ ದೂರು ಹೇಳಲು ಬಂದರೆ ಕೈಗೆ ಕಡುಬು ಬೀಳುತ್ತದೆ. ದೂರು ಬಾಯಿಯಲ್ಲೇ ಉಳಿಯುತ್ತದೆ, ಕಡುಬಿನ ಜೊತೆ.

ಡಲ್ಲಾಸಿನ ಮೊಮ್ಮಗಳಿಗೆ ವಿಡಿಯೊ ಕಾಲ್ ಮಾಡಿದರೆ ಅಲ್ಲಿ ಎಷ್ಟೊತ್ತಾಗಿರಲಿ, ಪ್ರಶ್ನೆ ಒಂದೇ: "ಉಂಡೇನವ್ವಾ?" ಪರದೆಯ ತುಂಬ ಆಯಿಯ ಹಣೆಯೊಂದೇ ಕಾಣುತ್ತದೆ; ಮೊಮ್ಮಗಳು ಅದರ ಸುಕ್ಕು ನೋಡಿ ಸಿಟ್ಟು ಎಷ್ಟೆಂದು ತಿಳಿದುಕೊಳ್ಳುತ್ತಾಳೆ.

ಇಂಥ ಆಯಿಗೂ ಪೇಚು ತಂದದ್ದು 2023. ಜೂನ್‌ನಲ್ಲಿ ಕರ್ನಾಟಕ 'ಶಕ್ತಿ' ಎಂದು, ಡಿಸೆಂಬರ್‌ನಲ್ಲಿ ತೆಲಂಗಾಣ 'ಮಹಾಲಕ್ಷ್ಮಿ' ಎಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದವು. ಆಯಿಯ ಆಧಾರ್ ಹೈದರಾಬಾದಿನದು. ತವರಿಗೆ ಹೊರಟು ಜಹೀರಾಬಾದಿನ ತನಕ ಮಹಾಲಕ್ಷ್ಮಿಯಾಗಿ ಮೆರೆದು, ಅಲ್ಲಿ ಕರ್ನಾಟಕದ ಬಸ್ಸು ಹತ್ತಿದರೆ ಶಕ್ತಿ ಇಲ್ಲ, ಟಿಕೆಟ್ ಇದೆ.

"ಕನ್ನಡನೇ ಮಾತಾಡ್ಲತ್ತೀನಿ, ತಿಳಿವಲ್ದೇನೋ?"

"ಆಯಿ, ಕಾರ್ಡ್ ತೆಲಂಗಾಣದ್ದದ. ನಾ ಏನ್ ಮಾಡ್ಲಿ?"

"ಗೆರಿ ಎಳಿವಾಗ ನನ್ನ ಕೇಳ್ಯಾರೇನ್?"

ಕಂಡಕ್ಟರ್ ಹುಟ್ಟುವ ಮೊದಲಿನ ತಪ್ಪಿಗೆ ಅವನೇ ತಲೆ ತಗ್ಗಿಸುತ್ತಾನೆ. ಆಯಿ ಸೆರಗಿನ ಗಂಟು ಬಿಚ್ಚಿ ಐನೂರರ ನೋಟು ಕೊಡುತ್ತಾಳೆ. ಚಿಲ್ಲರೆ ಇಲ್ಲವೆಂದು ಅವನು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾನೆ. ಅಲ್ಲಿಗೆ ಅವನು ಸಿಕ್ಕಿಬಿದ್ದ. "ಯಾವೂರಪ್ಪಾ? ಯಾರ ಪೈಕಿ?" ಹುಮನಾಬಾದು ಬರುವಷ್ಟರಲ್ಲಿ ಅವನ ಮನೆತನ, ಹೊಲದ ಎಕರೆ, ಅಕ್ಕನ ಮಗಳ ಎಂಜಿನಿಯರಿಂಗ್ ಅಂಕಗಳು ಎಲ್ಲವೂ ಆಯಿಯ ವಶ. ಹುಡುಗಿಯ ಫೋಟೊ ಹೈಟೆಕ್ ಸಿಟಿಯಲ್ಲಿ ಮೀಟಿಂಗಿಗೆ ಕೂತ ಮೊಮ್ಮಗನ ಮೊಬೈಲಿಗೂ ಹೋಗಿರುತ್ತದೆ.

ಅವನು ಗಾಬರಿಯಿಂದ ಫೋನ್ ಮಾಡುತ್ತಾನೆ: "ಆಯಿ, ಯಾರಿದು?"

"ಟಿಕೀಟ್ ತಗಸೀನಪ್ಪಾ. ಚಿಲ್ಲರ ಕೊಟ್ಟಾರ."